ಒಳ್ಳೆಯ ಕಾಗದದ ಮೇಲೆ ಜಲವರ್ಣ: ಹಾಳೆ ಆರಿಸುವುದರಿಂದ ಕಟ್ಟು ಹಾಕಿಸುವವರೆಗೆ

ಜಲವರ್ಣ ಕಲಿಯಲು ಹೊರಟವರು ಸಾಮಾನ್ಯವಾಗಿ ಮೊದಲು ಬಣ್ಣದ ಪೆಟ್ಟಿಗೆ ಕೊಳ್ಳುತ್ತಾರೆ, ಆಮೇಲೆ ಕುಂಚಗಳನ್ನು ಕೊಳ್ಳುತ್ತಾರೆ, ಕೊನೆಗೆ ಕೈಯಲ್ಲಿ ಉಳಿದ ಹಣಕ್ಕೆ ಒಂದು ಡ್ರಾಯಿಂಗ್ ಪುಸ್ತಕ ತರುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡಿ ಎಂಬುದು ನನ್ನ ಮೊದಲ ಸಲಹೆ. ಮೂರೇ ಬಣ್ಣ, ಒಂದೇ ಕುಂಚ ಇದ್ದರೂ ಹತ್ತಿಯ ನಾರಿನಿಂದ ಮಾಡಿದ ಒಳ್ಳೆಯ ಹಾಳೆಯ ಮೇಲೆ ಬಣ್ಣ ಸರಾಗವಾಗಿ ಹರಿಯುತ್ತದೆ, ಬೆರೆಯುತ್ತದೆ, ನಿಲ್ಲಬೇಕಾದಲ್ಲಿ ನಿಲ್ಲುತ್ತದೆ. ಇಪ್ಪತ್ನಾಲ್ಕು ದುಬಾರಿ ಬಣ್ಣಗಳಿದ್ದರೂ ತೆಳುವಾದ ಕಾರ್ಟ್ರಿಜ್ ಹಾಳೆಯ ಮೇಲೆ ಅವು ಮಂಕಾಗಿ, ಪಟ್ಟೆಪಟ್ಟೆಯಾಗಿ ಒಣಗುತ್ತವೆ. ಎಷ್ಟೋ ಮಂದಿ ತಮಗೆ ಕೈ ಹಿಡಿಯಲಿಲ್ಲವೆಂದು ಜಲವರ್ಣವನ್ನೇ ಬಿಟ್ಟುಬಿಡುವುದನ್ನು ನಾನು ಕಂಡಿದ್ದೇನೆ, ಅವರಲ್ಲಿ ಹೆಚ್ಚಿನವರ ಕೈಯಲ್ಲಿ ದೋಷವೇನೂ ಇರಲಿಲ್ಲ, ದೋಷ ಹಾಳೆಯಲ್ಲಿತ್ತು.

ಅಭ್ಯಾಸಕ್ಕೆ ಅಗ್ಗದ ಕಾಗದ, ಪ್ರದರ್ಶನಕ್ಕೆ ಒಳ್ಳೆಯ ಕಾಗದ ಎಂದು ಹೇಳಿಕೊಡುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ನೀರು ಎಷ್ಟು ಹೊತ್ತು ಹಾಳೆಯ ಮೇಲೆ ನಿಲ್ಲುತ್ತದೆ, ಯಾವಾಗ ಒಳಗಿಳಿಯುತ್ತದೆ, ಇಳಿಯುವಾಗ ಬಣ್ಣವನ್ನು ಎಲ್ಲಿ ಬಿಟ್ಟುಹೋಗುತ್ತದೆ ಎಂಬುದೇ ಜಲವರ್ಣದಲ್ಲಿ ಕಲಿಯಬೇಕಾದ ವಿದ್ಯೆ. ಅದು ಕಾಗದದಿಂದ ಕಾಗದಕ್ಕೆ ಬದಲಾಗುವುದರಿಂದ, ಅಗ್ಗದ ಹಾಳೆಯಲ್ಲಿ ಪಳಗಿದ ಕೈ ಒಳ್ಳೆಯ ಹಾಳೆಗೆ ಬಂದಾಗ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಹಣ ಉಳಿಸಬೇಕಿದ್ದರೆ ಒಳ್ಳೆಯ ಹಾಳೆಯನ್ನೇ ಸಣ್ಣ ತುಂಡುಗಳಾಗಿ ಮಾಡಿಕೊಂಡು, ಎರಡೂ ಬದಿಗಳಲ್ಲಿ ಬರೆಯಿರಿ.

ಮೊದಲ ಹಂತ: ಕಾಗದವನ್ನು ಅರಿಯುವುದು

ಕಾಗದವೆಂದರೆ ಸೆಲ್ಯುಲೋಸ್ ನಾರುಗಳ ಹೆಣಿಗೆ. ಹತ್ತಿಯ ನಾರು ಬಹುಮಟ್ಟಿಗೆ ಶುದ್ಧ ಸೆಲ್ಯುಲೋಸ್ ಆಗಿರುವುದರಿಂದ ಅದರ ಕಾಗದ ಬಲವಾಗಿಯೂ ಬಹುಕಾಲ ಬೆಳ್ಳಗೆಯೂ ಉಳಿಯುತ್ತದೆ. ಮರದಲ್ಲಿ ಸೆಲ್ಯುಲೋಸಿನ ಜೊತೆಗೆ ಲಿಗ್ನಿನ್ ಎಂಬ ಅಂಶವೂ ಇರುತ್ತದೆ. ಅದನ್ನು ತೆಗೆಯದೆ ಮಾಡಿದ ಕಾಗದ ಬಿಸಿಲಿಗೆ ಬಿದ್ದರೆ ಹಳದಿಯಾಗುತ್ತದೆ, ಹಳೆಯ ದಿನಪತ್ರಿಕೆಗಳು ಕೆಲವೇ ವಾರಗಳಲ್ಲಿ ಬಣ್ಣಗೆಡುವುದು ಇದರಿಂದಲೇ. ಇದಲ್ಲದೆ ಹತ್ತೊಂಬತ್ತನೆಯ ಶತಮಾನದಿಂದ ಕಾರ್ಖಾನೆಗಳಲ್ಲಿ ಬಳಕೆಗೆ ಬಂದ ಪಟಿಕ ಮತ್ತು ರಾಳದ ಲೇಪ ಕಾಗದದೊಳಗೆ ಆಮ್ಲವನ್ನು ಉಳಿಸಿತು. ಆ ಕಾಲದ ಪುಸ್ತಕಗಳ ಹಾಳೆಗಳನ್ನು ಇಂದು ಮಡಿಸಿದರೆ ಮುರಿಯುತ್ತವೆ. ಆದುದರಿಂದ ಹಾಳೆಯ ಮೇಲೆ ‘100 ಪ್ರತಿಶತ ಹತ್ತಿ’ ಮತ್ತು ‘ಆಸಿಡ್ ಫ್ರೀ’ ಎಂಬ ಎರಡು ಮಾತುಗಳೂ ಇವೆಯೇ ಎಂದು ನೋಡಿ. ‘ಆಸಿಡ್ ಫ್ರೀ’ ಎಂದಷ್ಟೇ ಬರೆದಿದ್ದರೆ ಅದು ಸಂಸ್ಕರಿಸಿದ ಮರದ ತಿರುಳಿನ ಕಾಗದವೂ ಆಗಿರಬಹುದು.

ಎರಡನೆಯದು ಸೈಜಿಂಗ್, ಅಂದರೆ ಕಾಗದಕ್ಕೆ ಕೊಡುವ ಅಂಟಿನ ಲೇಪ. ಲೇಪವಿಲ್ಲದ ಕಾಗದ ಒತ್ತುಕಾಗದದಂತೆ ನೀರನ್ನು ತಕ್ಷಣ ಹೀರಿಕೊಳ್ಳುತ್ತದೆ, ಬಣ್ಣ ನಾರಿನ ಆಳಕ್ಕೆ ಹೋಗಿ ಮಂಕಾಗುತ್ತದೆ. ಅರಬರ ಕಾಗದಗಳಿಗೆ ಪಿಷ್ಟದ ಗಂಜಿಯ ಲೇಪವಿತ್ತು. ಇಟಲಿಯ ಫಾಬ್ರಿಯಾನೋ ಪಟ್ಟಣದ ಕಾಗದಗಾರರು ಹದಿಮೂರನೆಯ ಶತಮಾನದಲ್ಲಿ ಪ್ರಾಣಿಗಳ ಚರ್ಮದಿಂದ ತೆಗೆದ ಜೆಲಟಿನ್ ಲೇಪವನ್ನು ಬಳಕೆಗೆ ತಂದರು. ಜಲವರ್ಣದ ಕೆಲವು ಉತ್ತಮ ಕಾಗದಗಳು ಇಂದಿಗೂ ಜೆಲಟಿನ್ ಲೇಪವನ್ನೇ ಉಳಿಸಿಕೊಂಡಿವೆ, ಪ್ರಾಣಿಜನ್ಯ ವಸ್ತು ಬೇಡವೆನ್ನುವವರಿಗಾಗಿ ಬೇರೆ ಲೇಪದ ಹಾಳೆಗಳೂ ಸಿಗುತ್ತವೆ. ಈ ಲೇಪ ಕಣ್ಣಿಗೆ ಕಾಣುವುದಿಲ್ಲ, ಆದರೆ ಜಲವರ್ಣದ ಕಾಂತಿಯೆಲ್ಲ ಅದರ ಮೇಲೆಯೇ ನಿಂತಿದೆ: ಬಣ್ಣದ ಕಣಗಳನ್ನು ಅದು ಮೇಲ್ಮೈಯಲ್ಲೇ ಹಿಡಿದಿಡುತ್ತದೆ, ಬೆಳಕು ಆ ತೆಳುಪದರವನ್ನು ಹಾದು ಕಾಗದದ ಬಿಳುಪಿಗೆ ತಾಗಿ ಹಿಂತಿರುಗುತ್ತದೆ.

ಮೂರನೆಯದು ಮೇಲ್ಮೈ. ಬಿಸಿ ರೋಲರುಗಳ ನಡುವೆ ಒತ್ತಿದ ನುಣುಪಾದ ಹಾಟ್ ಪ್ರೆಸ್, ಮಧ್ಯಮ ತರಿಯ ಕೋಲ್ಡ್ ಪ್ರೆಸ್, ಒತ್ತಡ ಕಡಿಮೆ ಕೊಟ್ಟು, ಹಸಿ ಹಾಳೆಯನ್ನು ಮಗುಚುವ ಉಣ್ಣೆಬಟ್ಟೆಯ ಗುರುತು ಪೂರ್ತಿ ಉಳಿಯುವಂತೆ ಬಿಟ್ಟ ರಫ್ ಎಂದು ಮೂರು ಬಗೆ. ಸಸ್ಯಚಿತ್ರ, ಸೂಕ್ಷ್ಮ ಗೆರೆಯ ಕೆಲಸ ಮಾಡುವವರಿಗೆ ಹಾಟ್ ಪ್ರೆಸ್ ಬೇಕು; ಕಲಿಯುವವರಿಗೆ ಕೋಲ್ಡ್ ಪ್ರೆಸ್ ಹೆಚ್ಚು ಸಹಾಯಕ. ರಫ್ ಹಾಳೆಯ ಮೇಲೆ ನನಗೆ ವಿಶೇಷ ಪ್ರೀತಿ. ಬಂಡೆ, ಹಳೆಯ ಗೋಡೆ, ಉಳುಮೆ ಮಾಡಿದ ಹೊಲ, ನೀರಿನ ಮೇಲಿನ ಬಿಸಿಲು ಇವೆಲ್ಲವನ್ನೂ ಆ ತರಿಯೇ ಅರ್ಧ ಬರೆದುಕೊಡುತ್ತದೆ.

ತೂಕವನ್ನು ಜಿಎಸ್‌ಎಂ ಎಂಬ ಅಳತೆಯಲ್ಲಿ, ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ನೆರಳಚ್ಚು ಅಂಗಡಿಯ ಹಾಳೆ 70 ರಿಂದ 80 ಜಿಎಸ್‌ಎಂ ಇರುತ್ತದೆ. ಜಲವರ್ಣಕ್ಕೆ 300 ಜಿಎಸ್‌ಎಂ ಇರಲಿ. 640 ಜಿಎಸ್‌ಎಂ ಹಾಳೆ ರಟ್ಟಿನಷ್ಟು ದಪ್ಪ, ನೀರಿಗೆ ಬಹುಮಟ್ಟಿಗೆ ಸೊಟ್ಟಗಾಗುವುದಿಲ್ಲ, ಬೆಲೆಯೂ ಹಾಗೆಯೇ ಏರುತ್ತದೆ.

ಎರಡನೆಯ ಹಂತ: ಕೊಳ್ಳುವುದು

ಪುಸ್ತಕ ಅಥವಾ ಪ್ಯಾಡ್ ರೂಪದಲ್ಲಿ ಕೊಳ್ಳುವುದಕ್ಕಿಂತ 22×30 ಅಂಗುಲದ ಪೂರ್ಣ ಹಾಳೆ ಕೊಳ್ಳುವುದು ಸಾಮಾನ್ಯವಾಗಿ ಅಗ್ಗ. ಒಂದು ಹಾಳೆಯಿಂದ 11×15 ಅಂಗುಲದ ನಾಲ್ಕು ತುಂಡುಗಳು ಬರುತ್ತವೆ, ಇನ್ನೂ ಅರ್ಧ ಮಾಡಿದರೆ ಎಂಟು. ಫ್ರಾನ್ಸಿನ ಆರ್ಶ್, ಇಟಲಿಯ ಫಾಬ್ರಿಯಾನೋ, ಇಂಗ್ಲೆಂಡಿನ ಸಾಂಡರ್ಸ್ ವಾಟರ್‌ಫರ್ಡ್ ಕಾಗದಗಳು ಬೆಂಗಳೂರಿನ ದೊಡ್ಡ ಕಲಾಸಾಮಗ್ರಿ ಅಂಗಡಿಗಳಲ್ಲಿಯೂ ಆನ್‌ಲೈನಿನಲ್ಲಿಯೂ ಸಿಗುತ್ತವೆ. ಇವು ಸಿಲಿಂಡರ್ ಅಚ್ಚಿನ ಯಂತ್ರದಲ್ಲಿ ನಿಧಾನವಾಗಿ ತಯಾರಾಗುವ ಹಾಳೆಗಳು. ಒಂದು ಹಾಳೆಗೂ ಮತ್ತೊಂದಕ್ಕೂ ವ್ಯತ್ಯಾಸ ಕಡಿಮೆ.

ಆದರೆ ಕೈಯಿಂದ ಮಾಡಿದ ನಮ್ಮ ಕಾಗದಗಳನ್ನು ಬಳಸದೆ ಇರಬೇಡಿ. ಜೈಪುರದ ಬಳಿಯ ಸಾಂಗಾನೇರಿನಲ್ಲಿ ಕಾಗಜಿ ಮನೆತನಗಳು ತಲೆಮಾರುಗಳಿಂದ ಕಾಗದ ಮಾಡುತ್ತ ಬಂದಿವೆ, ಪುದುಚೇರಿಯ ಅರವಿಂದಾಶ್ರಮದಲ್ಲಿ ಕೈಕಾಗದದ ಘಟಕವಿದೆ. ನಮ್ಮ ಹುಬ್ಬಳ್ಳಿಯ ಬಳಿಯ ತಾರಿಹಾಳದಲ್ಲಿ ಬನಿಯನ್ ಬಟ್ಟೆಯ ಹತ್ತಿ ಚೂರುಗಳನ್ನು ಅರೆದು ಮಾಡುವ ಹಾಳೆಗಳು ಖಾದಿ ಪೇಪರ್ಸ್ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಚಿತ್ರಕಾರರ ಮೇಜನ್ನೂ ತಲುಪುತ್ತವೆ. ಉತ್ತರ ಕರ್ನಾಟಕದ ಒಂದು ಊರಿನ ಹಾಳೆಯ ಮೇಲೆ ದೂರದ ಯಾರೋ ತಮ್ಮ ಕಡಲತೀರವನ್ನು ಬರೆಯುತ್ತಿದ್ದಾರೆ ಎಂಬುದನ್ನು ನೆನೆದಾಗ ನನಗೆ ಹೆಮ್ಮೆಯೆನಿಸುತ್ತದೆ. ಚೌಕಟ್ಟಿನ ಜಾಲರಿಯನ್ನು ತಿರುಳಿನ ನೀರಿನಲ್ಲಿ ಅದ್ದಿ ಎತ್ತಿ, ಆಚೀಚೆ ಅಲುಗಿಸಿ ನಾರು ಎಲ್ಲ ದಿಕ್ಕಿಗೂ ಹರಡುವಂತೆ ಮಾಡಿ, ಉಣ್ಣೆಬಟ್ಟೆಯ ಮೇಲೆ ಮಗುಚಿ, ಒತ್ತಿ, ನೇತುಹಾಕಿ ಒಣಗಿಸುವ ಆ ಕೆಲಸದಲ್ಲಿ ಪ್ರತಿ ಹಾಳೆಯೂ ತುಸು ಬೇರೆಯಾಗಿ ಹೊರಬರುತ್ತದೆ. ನಾಲ್ಕೂ ಅಂಚುಗಳು ನೇರವಾಗಿರದೆ ನಾರುನಾರಾಗಿ ತೆಳುವಾಗಿರುವುದು ಅಂಥ ಹಾಳೆಯ ಲಕ್ಷಣ. ಕೈಕಾಗದವೆಂದು ಮಾರುವ ಎಲ್ಲವೂ ಜಲವರ್ಣಕ್ಕೆ ಒದಗುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಆಮಂತ್ರಣ ಪತ್ರಿಕೆಗೂ ಉಡುಗೊರೆ ಚೀಲಕ್ಕೂ ಮಾಡಿದ ಹಾಳೆಗಳಲ್ಲಿ ಸಾಕಷ್ಟು ಲೇಪ ಇರುವುದಿಲ್ಲ. ಒಂದೇ ಹಾಳೆ ತಂದು ಪರೀಕ್ಷಿಸಿ, ಒಪ್ಪಿಗೆಯಾದರೆ ಹೆಚ್ಚು ಕೊಳ್ಳಿ.

ಮೂರನೆಯ ಹಂತ: ಪರೀಕ್ಷೆ

ಹಾಳೆಯನ್ನು ಎರಡು ಮೂಲೆಗಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಲೇಪ ಸರಿಯಾಗಿರುವ ಹಾಳೆ ಗಡಸಾಗಿ ಸದ್ದು ಮಾಡುತ್ತದೆ, ಲೇಪವಿಲ್ಲದ್ದು ಬಟ್ಟೆಯಂತೆ ಸುಮ್ಮನೆ ಬಾಗುತ್ತದೆ. ಕಿಟಕಿಯ ಬೆಳಕಿಗೆ ಹಿಡಿದರೆ ನಾರು ಸಮನಾಗಿ ಹರಡಿದೆಯೇ, ಮೋಡಮೋಡವಾಗಿದೆಯೇ ಎಂಬುದು ಕಾಣುತ್ತದೆ; ನೀರಚ್ಚು, ಅಂದರೆ ಬೆಳಕಿಗೆ ಹಿಡಿದಾಗ ಕಾಣುವ ವಾಟರ್‌ಮಾರ್ಕ್ ಇದ್ದರೆ ಅದರ ಅಕ್ಷರಗಳು ಸರಿಯಾಗಿ ಓದಲು ಬರುವ ಬದಿಯನ್ನು ಮುಂಬದಿಯೆಂದು ಎಣಿಸುವುದು ವಾಡಿಕೆ, ಹಿಂಬದಿಯ ತರಿ ಸ್ವಲ್ಪ ಬೇರೆಯಾಗಿದ್ದರೂ ಬರೆಯಲು ಅಡ್ಡಿಯಿಲ್ಲ.

ಆಮೇಲೆ ಒಂದು ತುಂಡಿನ ಮೇಲೆ ಕುಂಚದ ತುದಿಯಿಂದ ಶುದ್ಧ ನೀರಿನ ಒಂದು ಹನಿ ಇಟ್ಟು, ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ತಂದು ಪಕ್ಕದಿಂದ ನೋಡಿ. ಒಳ್ಳೆಯ ಹಾಳೆಯ ಮೇಲೆ ಹನಿ ಉಬ್ಬಿಕೊಂಡೇ ನಿಲ್ಲುತ್ತದೆ, ಅದರ ಅಂಚು ಕಾಗದದ ತರಿಗಳ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಹನಿಯ ಬೆನ್ನು ಚಪ್ಪಟೆಯಾಗಲು ತೊಡಗುತ್ತದೆ, ಆಗಲೂ ಅದು ಬದಿಗೆ ಹರಡದೆ ನಿಂತಲ್ಲೇ ಕೆಳಗಿಳಿಯುತ್ತದೆ. ಹನಿ ತಾಗಿದೊಡನೆ ಹಾಳೆ ಕಪ್ಪಿಟ್ಟು, ಒದ್ದೆ ಸುತ್ತಲೂ ಹಬ್ಬಿದರೆ ಆ ಕಾಗದಕ್ಕೆ ಲೇಪ ಸಾಲದು. ಹನಿ ಎಷ್ಟು ಹೊತ್ತಾದರೂ ಇಳಿಯದೆ ಮೇಲೆ ಉರುಳಾಡಿದರೆ ಲೇಪ ಅತಿಯಾಗಿದೆ ಎಂದರ್ಥ. ಅಂಥ ಹಾಳೆಯನ್ನು ಒದ್ದೆ ಸ್ಪಂಜಿನಿಂದ ಒಮ್ಮೆ ಮೃದುವಾಗಿ ಒರೆಸಿದರೆ ಸರಿಹೋಗುವುದುಂಟು.

ಅದೇ ತುಂಡಿನ ಮೇಲೆ ಗಾಢ ಬಣ್ಣದ ಒಂದು ಪಟ್ಟಿ ಎಳೆದು ಪೂರ್ತಿ ಒಣಗಲು ಬಿಡಿ. ಒದ್ದೆ ಕುಂಚದಿಂದ ಅದರ ಒಂದು ಭಾಗವನ್ನು ಉಜ್ಜಿ, ಬಟ್ಟೆಯಿಂದ ಒತ್ತಿ ಬಣ್ಣ ಎಷ್ಟು ಎದ್ದುಬರುತ್ತದೆ ಎಂದು ಗಮನಿಸಿ. ನಾರು ಕಿತ್ತು ಉಂಡೆಯಾಗಿ ಏಳದಿದ್ದರೆ ಹಾಳೆ ಗಟ್ಟಿ. ಮಾಸ್ಕಿಂಗ್ ಟೇಪ್ ಅಂಟಿಸಿ ಕಿತ್ತು, ಮೇಲ್ಪದರ ಜೊತೆಗೇ ಬರುತ್ತದೆಯೇ ಎಂದೂ ನೋಡಿಕೊಳ್ಳಿ.

ನಾಲ್ಕನೆಯ ಹಂತ: ಹಲಗೆಗೆ ಬಿಗಿಯುವುದು

ಒದ್ದೆಯಾದಾಗ ನಾರುಗಳು ಉಬ್ಬುತ್ತವೆ, ಒಣಗುವಾಗ ಕುಗ್ಗುತ್ತವೆ. ಹಾಳೆಯ ಒಂದು ಕಡೆ ಮಾತ್ರ ಒದ್ದೆಯಾದರೆ ಆ ಭಾಗ ಹಿಗ್ಗಿ ಅಲೆಯಾಗಿ ಏಳುತ್ತದೆ, ಬಣ್ಣ ಹಳ್ಳಗಳಲ್ಲಿ ನಿಂತು ಕಲೆಯಾಗುತ್ತದೆ. ಹಾಳೆಯನ್ನು ಮೊದಲೇ ಪೂರ್ತಿ ಹಿಗ್ಗಿಸಿ ಅಂಚುಗಳನ್ನು ಕಟ್ಟಿಹಾಕುವುದೇ ಇದಕ್ಕೆ ಪರಿಹಾರ.

12 ಮಿಲಿಮೀಟರಿಗಿಂತ ತೆಳುವಲ್ಲದ ಪ್ಲೈವುಡ್ ಹಲಗೆಯೊಂದು ಬೇಕು, ಏಕೆಂದರೆ ಕುಗ್ಗುವ ಕಾಗದ ತೆಳು ಹಲಗೆಯನ್ನೇ ಬಾಗಿಸುವಷ್ಟು ಎಳೆಯುತ್ತದೆ. ನೀರು ತಾಗಿಸಿದರೆ ಅಂಟುವ ಕಂದು ಕಾಗದದ ಗಮ್ ಟೇಪನ್ನು ಹಾಳೆಯ ನಾಲ್ಕು ಬದಿಗಿಂತ ತುಸು ಉದ್ದವಾಗಿ ಕತ್ತರಿಸಿ ಒಣಗಿರುವಾಗಲೇ ಸಿದ್ಧವಾಗಿಡಿ. ಪಾರ್ಸೆಲ್ ಕಟ್ಟುವ ಪ್ಲಾಸ್ಟಿಕ್ ಟೇಪ್ ಒದ್ದೆ ಕಾಗದಕ್ಕೆ ಅಂಟುವುದೇ ಇಲ್ಲ. ಸ್ವಚ್ಛವಾದ ತಟ್ಟೆ ಅಥವಾ ಟಬ್ಬಿನ ತಣ್ಣೀರಿನಲ್ಲಿ 300 ಜಿಎಸ್‌ಎಂ ಹಾಳೆಯನ್ನು ಮೂರರಿಂದ ಐದು ನಿಮಿಷ ಮುಳುಗಿಸಿ. ಬಿಸಿನೀರು ಬೇಡ, ಹೆಚ್ಚು ಹೊತ್ತೂ ಬೇಡ. ಎರಡರಿಂದಲೂ ಜೆಲಟಿನ್ ಕರಗಿ ಹೋಗುತ್ತದೆ. ಒಂದು ಮೂಲೆ ಹಿಡಿದೆತ್ತಿ ನೀರು ಸೋರಿಸಿ, ಹಲಗೆಯ ಮೇಲೆ ಒಂದು ಬದಿಯಿಂದ ಮೆಲ್ಲಗೆ ಹಾಸುತ್ತ ಬಂದರೆ ಗಾಳಿಗುಳ್ಳೆ ಉಳಿಯುವುದಿಲ್ಲ. ಮೇಲ್ಮೈಯನ್ನು ಅಂಗೈಯಿಂದ ಉಜ್ಜಬೇಡಿ. ಒಣ ಬಟ್ಟೆಯಿಂದ ಅಂಚುಗಳ ನೀರನ್ನಷ್ಟೇ ಒತ್ತಿ ತೆಗೆದು, ಟೇಪನ್ನು ಅರ್ಧ ಹಾಳೆಯ ಮೇಲೆ ಅರ್ಧ ಹಲಗೆಯ ಮೇಲೆ ಬರುವಂತೆ ಅಂಟಿಸಿ, ಹಲಗೆಯನ್ನು ಸಮತಲವಾಗಿ ಮಲಗಿಸಿ ರಾತ್ರಿಯಿಡೀ ಬಿಡಿ. ಗೋಡೆಗೆ ಒರಗಿಸಿ ನಿಲ್ಲಿಸಿದರೆ ನೀರು ಕೆಳ ಅಂಚಿಗಿಳಿದು ಆ ಕಡೆಯ ಟೇಪ್ ಬಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಬೆರಳಿನಿಂದ ತಟ್ಟಿದರೆ ಹದ ಬಿಗಿದ ತಮಟೆಯ ಹಾಗೆ ನಾದ ಬರಬೇಕು.

ಕಾಲು ಹಾಳೆಯ ಸಣ್ಣ ಚಿತ್ರಗಳಿಗೆ ಇಷ್ಟೆಲ್ಲ ಬೇಕಿಲ್ಲ, ನಾಲ್ಕು ಬದಿಗೂ ಮಾಸ್ಕಿಂಗ್ ಟೇಪ್ ಹಾಕಿದರೆ ನಡೆಯುತ್ತದೆ. ಏಪ್ರಿಲ್ ತಿಂಗಳಲ್ಲಿ ರಾಯಚೂರು, ಕಲಬುರಗಿಯಂಥ ಊರುಗಳಲ್ಲಿ ಬಯಲಿನಲ್ಲಿ ಕೂತು ಬರೆಯುವವರು ಹಾಳೆಯ ಹಿಂಬದಿಯನ್ನೂ ಚೆನ್ನಾಗಿ ಒದ್ದೆ ಮಾಡಿ ಅಕ್ರಿಲಿಕ್ ಹಲಗೆಯ ಮೇಲೆ ಅಂಟಿಸಿಕೊಂಡರೆ ಒಳ್ಳೆಯದು. ಅಡಿಯಲ್ಲಿ ಉಳಿದ ನೀರು ಹಾಳೆಯನ್ನು ಹಸಿಯಾಗಿಡುವುದರಿಂದ, ಒಣಹವೆಯಲ್ಲಿಯೂ ಆಕಾಶವನ್ನು ಮೆತ್ತಗೆ ಬರೆಯುವಷ್ಟು ಹೊತ್ತು ಸಿಗುತ್ತದೆ.

ಐದನೆಯ ಹಂತ: ಪೆನ್ಸಿಲ್ ಗೆರೆ

ಎಚ್‌ಬಿ ಅಥವಾ 2ಬಿ ಪೆನ್ಸಿಲನ್ನು ಹಗುರವಾಗಿ ಹಿಡಿಯಿರಿ. ಗಡಸು ಪೆನ್ಸಿಲ್ ಕಾಗದದಲ್ಲಿ ತೋಡು ಮಾಡುತ್ತದೆ, ಬಣ್ಣ ಆ ತೋಡಿನಲ್ಲಿ ಇಳಿದು ಕಪ್ಪು ಗೆರೆಯಾಗುತ್ತದೆ. ಸಾಧಾರಣ ರಬ್ಬರಿನಿಂದ ಬಲವಾಗಿ ಅಳಿಸಿದರೆ ಲೇಪ ಕಿತ್ತುಹೋಗಿ ಅಲ್ಲಿ ಬಣ್ಣ ಹೀರಿಕೊಳ್ಳುತ್ತದೆ. ಮೆತ್ತಗಿನ ನಾದುವ ರಬ್ಬರನ್ನು ಒತ್ತಿ ಎತ್ತಿ. ರಚನೆಯನ್ನು ಬೇರೆ ಹಾಳೆಯಲ್ಲಿ ಗಟ್ಟಿಮಾಡಿಕೊಂಡು ಆಮೇಲೆ ಇಲ್ಲಿಗೆ ಇಳಿಸುವುದು ಇನ್ನೂ ಉತ್ತಮ. ಬೆವರಿನ ಎಣ್ಣೆ ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲವಾದ್ದರಿಂದ ಬರೆಯುವ ಕೈಯ ಕೆಳಗೆ ಒಂದು ತುಂಡು ಕಾಗದ ಇಟ್ಟುಕೊಳ್ಳಿ.

ಆರನೆಯ ಹಂತ: ಬಣ್ಣ

ಜಲವರ್ಣದಲ್ಲಿ ಬಿಳಿ ಎಂದರೆ ಕಾಗದವೇ. ಆದುದರಿಂದ ಕುಂಚ ಹಿಡಿಯುವ ಮೊದಲು ಎಲ್ಲಿ ಹಾಳೆಯನ್ನು ಮುಟ್ಟಬಾರದು ಎಂಬುದನ್ನು ನಿಶ್ಚಯಿಸಿ.

ಹಲಗೆಯ ಮೇಲ್ಬದಿಗೆ ಒಂದು ದಪ್ಪ ಪುಸ್ತಕ ಕೊಟ್ಟು ಸ್ವಲ್ಪ ಓರೆ ಮಾಡಿ. ಬಣ್ಣವನ್ನು ಬೇಕೆನಿಸುವುದಕ್ಕಿಂತ ಹೆಚ್ಚು ಕಲಸಿಟ್ಟುಕೊಂಡು, ತುಂಬಿದ ಕುಂಚದಿಂದ ಎಡದಿಂದ ಬಲಕ್ಕೆ ಒಂದು ಪಟ್ಟಿ ಎಳೆಯಿರಿ. ಪಟ್ಟಿಯ ಕೆಳ ಅಂಚಿನಲ್ಲಿ ಬಣ್ಣದ ನೀರು ಒಂದು ಉಬ್ಬಿದ ಗೆರೆಯಾಗಿ ಕೂಡಿನಿಲ್ಲುತ್ತದೆ. ಮುಂದಿನ ಪಟ್ಟಿ ಆ ಉಬ್ಬನ್ನು ಮುಟ್ಟಿ ಕೆಳಕ್ಕೆ ಕರೆದೊಯ್ಯಬೇಕು. ಹೀಗೆ ಉಬ್ಬು ಎಲ್ಲಿಯೂ ಕಡಿಯದೆ ಹಾಳೆಯ ತಳದವರೆಗೆ ಇಳಿದುಬಂದರೆ ಹಿಂದೆ ಸಮನಾದ ಬಣ್ಣ ಉಳಿಯುತ್ತದೆ. ಕೊನೆಯಲ್ಲಿ ಉಳಿದ ನೀರನ್ನು ಹಿಂಡಿದ ಕುಂಚದಿಂದ ಹೀರಿ ತೆಗೆಯಿರಿ. ಬಿಟ್ಟುಹೋದ ಚುಕ್ಕೆಗಳನ್ನು ತುಂಬಲು ಹಿಂತಿರುಗಬೇಡಿ.

ಈಗ ಹಾಳೆಯ ಹೊಳಪನ್ನು ಗಮನಿಸುವುದನ್ನು ಕಲಿಯಬೇಕು, ಏಕೆಂದರೆ ಕಾಗದ ತನ್ನ ಸ್ಥಿತಿಯನ್ನು ಹೊಳಪಿನಿಂದಲೇ ತಿಳಿಸುತ್ತದೆ. ಕನ್ನಡಿಯಂತೆ ಮಿನುಗುವಾಗ ಬೇರೆ ಬಣ್ಣ ಇಟ್ಟರೆ ಅದು ದೂರದವರೆಗೆ ಹಬ್ಬಿ ಬೆರೆಯುತ್ತದೆ. ಮಂಜು, ಮೋಡ, ದೂರದ ಬೆಟ್ಟಗಳನ್ನು ಬರೆಯುವ ಹೊತ್ತು ಇದು. ಮಿನುಗು ಇಳಿದು ರೇಷ್ಮೆಯ ಮಂದ ಹೊಳಪು ಉಳಿದಾಗ ಗಟ್ಟಿ ಬಣ್ಣವನ್ನು ಮಾತ್ರ ಇಡಬಹುದು, ನೀರಾದ ಬಣ್ಣ ಇಟ್ಟರೆ ಅದು ಅರೆ ಒಣಗಿದ ಕಣಗಳನ್ನು ತಳ್ಳಿಕೊಂಡು ಹೋಗಿ ಹಲ್ಲುಹಲ್ಲಾದ ಅಂಚಿನ ಕಲೆ ಮಾಡುತ್ತದೆ. ಹೊಳಪು ಪೂರ್ತಿ ಹೋದ ಮೇಲೂ ಹಾಳೆ ಒಳಗೆ ಹಸಿಯಿರುತ್ತದೆ. ಅಂಗೈಯ ಹಿಂಭಾಗವನ್ನು ಹಾಳೆಯ ಹತ್ತಿರ ತಂದು ಮೆಲ್ಲಗೆ ತಾಗಿಸಿ. ತಣ್ಣಗೆನಿಸಿದರೆ ಇನ್ನೂ ಕಾಯಬೇಕು. ಮಂಗಳೂರಿನ ಮಳೆಗಾಲದಲ್ಲಿ ಈ ಕಾಯುವಿಕೆ ದೀರ್ಘವಾಗುತ್ತದೆ, ಆದರೆ ಅದೇ ಹವೆ ಹಸಿಬಣ್ಣದ ಕೆಲಸಕ್ಕೆ ನೀಡುವ ಬಿಡುವು ಬಯಲುಸೀಮೆಯಲ್ಲಿ ದೊರೆಯುವುದಿಲ್ಲ.

ಬಣ್ಣಗಳೂ ಕಾಗದದ ಜೊತೆ ಬೇರೆಬೇರೆಯಾಗಿ ವರ್ತಿಸುತ್ತವೆ. ಅಲ್ಟ್ರಾಮರೀನ್ ನೀಲಿಯ ಕಣಗಳು ರಫ್ ಹಾಳೆಯ ಗುಳಿಗಳಲ್ಲಿ ಕೂತು ಮರಳುಮರಳಾದ ಸೊಬಗು ಕೊಡುತ್ತವೆ. ಥ್ಯಾಲೋ ನೀಲಿ ನಾರಿಗೇ ಅಂಟಿಕೊಳ್ಳುವುದರಿಂದ ಒಮ್ಮೆ ಇಟ್ಟರೆ ಎತ್ತಲು ಬಾರದು. ಬಹುಮಟ್ಟಿಗೆ ಒಣಗಿದ ಕುಂಚವನ್ನು ಓರೆಯಾಗಿ ಮಲಗಿಸಿ ರಫ್ ಹಾಳೆಯ ಮೇಲೆ ವೇಗವಾಗಿ ಎಳೆದರೆ ಬಣ್ಣ ತರಿಗಳ ನೆತ್ತಿಗೆ ಮಾತ್ರ ತಾಗಿ, ಗುಳಿಗಳಲ್ಲಿ ಬಿಳುಪು ಉಳಿಯುತ್ತದೆ.

ಒಳ್ಳೆಯ ಕಾಗದ ಎಷ್ಟನ್ನು ತಾಳಿಕೊಳ್ಳಬಲ್ಲದು ಎಂಬುದಕ್ಕೆ ಬಂಗಾಳ ಶೈಲಿಯ ವಾಶ್ ಪದ್ಧತಿ ಸಾಕ್ಷಿ. ಜಪಾನಿನ ಚಿತ್ರಕಾರರಾದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ 1903ರಲ್ಲಿ ಕಲ್ಕತ್ತೆಗೆ ಬಂದಾಗ ಅವರ ಒಡನಾಟದಿಂದ ಅವನೀಂದ್ರನಾಥ ಠಾಕೂರರು ರೂಪಿಸಿಕೊಂಡ ವಿಧಾನವದು; ಬಣ್ಣ ಹಚ್ಚಿ, ಒಣಗಿಸಿ, ಹಾಳೆಯನ್ನೇ ನೀರಿನಲ್ಲಿ ಅದ್ದಿ, ಸಡಿಲವಾದ ಬಣ್ಣ ಹೋಗಿ ಹಿಡಿದಷ್ಟು ಉಳಿದ ಮೇಲೆ ಮತ್ತೆ ಹಚ್ಚುವ ಕ್ರಮವನ್ನು ಹಲವು ಬಾರಿ ನಡೆಸುತ್ತಾರೆ. ಅವನೀಂದ್ರನಾಥರ ಬಳಿ ಕಲಿತ ನಮ್ಮ ಕೆ. ವೆಂಕಟಪ್ಪನವರು ಉದಕಮಂಡಲದ ಬೆಟ್ಟ, ಮಂಜು, ಬೆಳಕನ್ನು ಜಲವರ್ಣದಲ್ಲಿ ಬರೆದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ಅವರ ಹೆಸರಿನದು. ಅವರ ಮೂಲಚಿತ್ರಗಳನ್ನು ನೋಡುವ ಅವಕಾಶ ಸಿಕ್ಕಾಗ ದೃಶ್ಯವನ್ನಷ್ಟೇ ನೋಡಿ ಮುಂದೆ ಸಾಗದೆ, ಕಾಗದದ ಬಿಳುಪನ್ನು ಎಲ್ಲಿ ಉಳಿಸಿದ್ದಾರೆ, ಎಲ್ಲಿ ತೆಳು ಪದರದಿಂದ ಮುಚ್ಚಿದ್ದಾರೆ ಎಂಬುದನ್ನು ಹತ್ತಿರದಿಂದ ನೋಡಿ. ಮುದ್ರಿತ ಪ್ರತಿಗಳಲ್ಲಿ ಇದು ಕಾಣುವುದಿಲ್ಲ.

ಏಳನೆಯ ಹಂತ: ಬಿಚ್ಚುವುದು, ಇಡುವುದು

ಬಿಗಿದ ಹಾಳೆಯನ್ನು ಪೂರ್ತಿ ಒಣಗಿದ ಮೇಲೆ ಚೂಪಾದ ಬ್ಲೇಡಿನಿಂದ ಟೇಪಿನ ಒಳ ಅಂಚಿನಲ್ಲಿ ಕೊಯ್ದು ತೆಗೆಯಿರಿ. ಸೊಟ್ಟಗಾದ ಚಿತ್ರವನ್ನು ಮಗುಚಿ, ಹಿಂಬದಿಗೆ ಮಾತ್ರ ಸ್ಪಂಜಿನಿಂದ ತೆಳುವಾಗಿ ನೀರು ಸವರಿ, ಎರಡು ಒತ್ತುಕಾಗದಗಳ ನಡುವೆ ಇಟ್ಟು ಮೇಲೆ ಹಲಗೆ ಮತ್ತು ಭಾರವಾದ ಪುಸ್ತಕಗಳನ್ನು ಹೇರಿದರೆ ಒಂದೆರಡು ದಿನಗಳಲ್ಲಿ ಸಪಾಟಾಗುತ್ತದೆ.

ಬರೆಯದ ಹಾಳೆಗಳಿಗೂ ಇಷ್ಟೇ ಕಾಳಜಿ ಬೇಕು. ಕರಾವಳಿ, ಮಲೆನಾಡುಗಳಲ್ಲಿ ಜೂನ್ ತಿಂಗಳಿಂದ ಕಾಗದಕ್ಕೆ ಬೂಷ್ಟು ಹಿಡಿಯುವುದು ಸಾಮಾನ್ಯ. ಬೂಷ್ಟು ಲೇಪವನ್ನು ತಿನ್ನುತ್ತದೆ, ಹಾಳೆ ಹೊರನೋಟಕ್ಕೆ ಚೆನ್ನಾಗಿಯೇ ಕಂಡರೂ ಬಣ್ಣ ಹಚ್ಚಿದಾಗ ಅಲ್ಲಲ್ಲಿ ಕಪ್ಪು ಚುಕ್ಕೆಗಳು ಏಳುತ್ತವೆ. ಹಾಳೆಗಳನ್ನು ಸುರುಳಿ ಸುತ್ತದೆ ಮಲಗಿಸಿ, ಸಿಲಿಕಾ ಜೆಲ್ ಪೊಟ್ಟಣಗಳೊಡನೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಹೊರಗೋಡೆಗೆ ತಾಗದ ಕಪಾಟಿನ ಮೇಲಿನ ಅರೆಯಲ್ಲಿಡಿ. ಬಿಸಿಲಿನ ಒಣ ದಿನವೊಂದರಲ್ಲಿ ತೆಗೆದು ಗಾಳಿಯಾಡಿಸಿ, ಪೊಟ್ಟಣಗಳನ್ನು ಬದಲಿಸಿ. ಗಂಜಿ, ಜೆಲಟಿನ್ ಎರಡೂ ಬೆಳ್ಳಿಹುಳುಗಳಿಗೆ ಆಹಾರವಾದ್ದರಿಂದ ಹಳೆಯ ರಟ್ಟಿನ ಪೆಟ್ಟಿಗೆಗಳ ಜೊತೆ ಇಡಬೇಡಿ. ಲೇಪ ಹಾಳಾದ ಹಾಳೆಯನ್ನು ಎಸೆಯಬೇಕಾಗಿಲ್ಲ, ಇದ್ದಿಲು ಮತ್ತು ಪೇಸ್ಟಲ್ ಕೆಲಸಕ್ಕೆ ಅದು ಚೆನ್ನಾಗಿಯೇ ಒದಗುತ್ತದೆ.

ಕೊನೆಯ ಹಂತ: ಕಟ್ಟು ಹಾಕಿಸುವುದು

ನಮ್ಮ ಊರುಗಳ ಬಹುತೇಕ ಕಟ್ಟಿನಂಗಡಿಗಳಲ್ಲಿ ಚಿತ್ರದ ಹಿಂಬದಿಗೆ ಅಂಟು ಬಳಿದು ಹಾರ್ಡ್‌ಬೋರ್ಡಿಗೆ ಅಂಟಿಸಿ, ಗಾಜನ್ನು ನೇರವಾಗಿ ಮೇಲೆ ಒತ್ತಿ ಮುಚ್ಚುವುದು ರೂಢಿ. ಕ್ಯಾಲೆಂಡರಿನ ದೇವರ ಪಟಕ್ಕೆ ಅದು ನಡೆಯಬಹುದು, ಹತ್ತಿ ಕಾಗದದ ಚಿತ್ರಕ್ಕೆ ಸಲ್ಲದು. ಹಾರ್ಡ್‌ಬೋರ್ಡಿನ ಆಮ್ಲ ಹಾಳೆಗೆ ಏರುತ್ತದೆ, ಗಾಜಿನ ಒಳಗೆ ಬೆವರಿದ ನೀರು ಬಣ್ಣವನ್ನು ಗಾಜಿಗೇ ಅಂಟಿಸುತ್ತದೆ. ಅಂಗಡಿಯವರಿಗೆ ಮೂರು ಮಾತುಗಳನ್ನು ಮೊದಲೇ ಸ್ಪಷ್ಟವಾಗಿ ಹೇಳಿ: ಚಿತ್ರದ ಹಿಂದೆಯೂ ಸುತ್ತಲೂ ಆಮ್ಲರಹಿತ ಮೌಂಟ್ ಬೋರ್ಡ್ ಇರಬೇಕು, ಆ ಬೋರ್ಡಿನ ದಪ್ಪದಷ್ಟಾದರೂ ಅಂತರ ಗಾಜಿಗೂ ಹಾಳೆಗೂ ನಡುವೆ ಉಳಿಯಬೇಕು, ಸೆಲ್ಲೋಟೇಪಾಗಲಿ ಅಂಟಾಗಲಿ ಹಾಳೆಗೆ ತಾಗಕೂಡದು. ಹಾಳೆಯನ್ನು ಬೋರ್ಡಿಗೆ ತೂಗುಹಾಕುವ ಕೆಲಸವನ್ನು ನೀವೇ ಮನೆಯಲ್ಲಿ ಮಾಡಿಕೊಂಡು ಹೋಗುವುದು ಸುರಕ್ಷಿತ. ಜಪಾನಿ ತೆಳುಕಾಗದದ ಎರಡು ಸಣ್ಣ ಪಟ್ಟಿಗಳನ್ನು ಗೋಧಿಯ ಪಿಷ್ಟದಿಂದ ಕಾಯಿಸಿದ ಅಂಟಿನಿಂದ ಹಾಳೆಯ ಮೇಲಂಚಿನ ಹಿಂಬದಿಗೆ ಅಂಟಿಸಿ, ಇನ್ನೊಂದು ತುದಿಯನ್ನು ಹಿಂಬದಿಯ ಬೋರ್ಡಿಗೆ ಅಂಟಿಸಿ. ಉಳಿದ ಮೂರು ಬದಿಗಳು ಬಿಡುವಾಗಿರಲಿ, ಹವೆ ಬದಲಾದಂತೆ ಹಾಳೆ ಹಿಗ್ಗಿ ಕುಗ್ಗಲು ಜಾಗ ಬೇಕು. ಈ ಅಂಟು ಮುಂದೆ ಎಂದಾದರೂ ನೀರಿಗೆ ಬಿಟ್ಟುಕೊಳ್ಳುವುದರಿಂದ ಚಿತ್ರಕ್ಕೆ ಹಾನಿಯಿಲ್ಲದೆ ಕಟ್ಟು ಬದಲಿಸಬಹುದು.

ಕಟ್ಟಿಗೆ ಕೊಡುವ ಮುನ್ನ ಹಾಳೆಯ ಹಿಂಬದಿಯ ಕೆಳಮೂಲೆಯಲ್ಲಿ ಪೆನ್ಸಿಲಿನಿಂದ ಕಾಗದದ ಹೆಸರು, ತೂಕ, ಬಳಸಿದ ಬಣ್ಣಗಳು ಮತ್ತು ಬರೆದ ತಿಂಗಳನ್ನು ಗುರುತಿಸಿ, ಪೆನ್ನಿನ ಶಾಯಿ ಮುಂಬದಿಗೆ ಇಳಿಯುತ್ತದೆ. ಆಮೇಲೆ ನೇರ ಬಿಸಿಲು ಬೀಳದ, ಸ್ನಾನದ ಮನೆ ಅಥವಾ ಅಡುಗೆಮನೆಗೆ ಸೇರದ ಗೋಡೆಯೊಂದನ್ನು ಚಿತ್ರಕ್ಕೆ ಆರಿಸಿ, ಕಟ್ಟಿನ ಹಿಂದಿನ ಕೆಳಮೂಲೆಗಳಿಗೆ ಸಣ್ಣ ಬಿರಡೆಯ ಚೂರುಗಳನ್ನು ಅಂಟಿಸಿ, ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡುವಂತೆ ತೂಗುಹಾಕಿ.